ಸೋಡಚೀಟಿಯ ಕಾಲದಿಂದ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ 1956ರ ತನಕ ಮುಂಬಯಿ ರಾಜ್ಯದಲ್ಲಿದ್ದವು. ಹೀಗಾಗಿ ಇಲ್ಲಿನ ಹಿಂದೂ ದಂಪತಿಗಳಿಗೆ ವಿಚ್ಛೇದನದ ಲಿಖಿತ ಕಾನೂನು ದಿಲ್ಲಿಯ 1955ರ ಹಿಂದೂ ವಿವಾಹ ಕಾಯ್ದೆಗಿಂತ ಮೊದಲೇ, 1947ರಲ್ಲಿ ಮುಂಬಯಿಯಿಂದ ಬಂತು. ನಾಲ್ಕು ವರ್ಷ ಬಿಟ್ಟುಹೋದ ಸಂಗಾತಿಯಿಂದ ಬಿಡುಗಡೆ ಕೇಳಲು ಅದು ದಾರಿ ಮಾಡಿತು.

ಅದಕ್ಕೆ ಮೊದಲು ಬಿಡುಗಡೆಯೇ ಇರಲಿಲ್ಲವೆ? ಇತ್ತು. ಹಲವು ಜಾತಿಗಳಲ್ಲಿ ದೈವದವರು, ಅಂದರೆ ಜಾತಿಯ ಹಿರಿಯರು, ಕೂತು ಸಂಬಂಧ ಹರಿಯುತ್ತಿದ್ದರು. ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಪಡೆದವಳು ಉಡಕಿ ಎಂಬ ಮರುಮದುವೆ ಮಾಡಿಕೊಳ್ಳಬಹುದಿತ್ತು. ಆದರೆ ಗಂಡನ ಒಪ್ಪಿಗೆಯಿಲ್ಲದೆ ಮದುವೆ ಮುರಿಯುವ ಅಧಿಕಾರ ಜಾತಿಗಿಲ್ಲವೆಂದು ಮುಂಬಯಿ ಹೈಕೋರ್ಟ್ 1876ರಲ್ಲೇ ಹೇಳಿತ್ತು. ಮೇಲ್ಜಾತಿಯವರಿಗಿದ್ದ ಬಿಗಿಯನ್ನು ಉಳಿದವರ ಮೇಲೂ ಹೇರಿದಂತೆಯೇ ಇದು. 1955ರ ಕಾಯ್ದೆ ರೂಢಿಯ ವಿಚ್ಛೇದನವನ್ನು ಉಳಿಸಿತಾದರೂ, ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಸ್ಪಷ್ಟಪಡಿಸಿತು: ಬಾಂಡ್ ಕಾಗದ ಬರೆದರೆ ಸಾಲದು, ಆ ರೂಢಿಯಿದೆಯೆಂದು ಸಾಬೀತು ಮಾಡಬೇಕು.

ಜೀವನಾಂಶದ ಕಥೆ ಇನ್ನೂ ಕುಂಟುತ್ತ ಸಾಗಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ತಿಂಗಳಿಗೆ ಗರಿಷ್ಠ 50 ರೂಪಾಯಿ; 1923ರಲ್ಲಿ ನೂರು, 1955ರಲ್ಲಿ ಐನೂರು. ಆ ಐನೂರು 2001ರ ತನಕ ಅಲ್ಲಾಡಲಿಲ್ಲ! ವಿಚ್ಛೇದಿತೆಗೂ ಇದು ಸಲ್ಲುವಂತಾದದ್ದು 1973ರ ಸಂಹಿತೆಯಿಂದ.

ಈಗ ಮಿತಿಯಿಲ್ಲ, ತಕರಾರೆಲ್ಲ ಆದಾಯದ್ದು. ಒಕ್ಕಲುತನದವರ ಗಳಿಕೆಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? 2020ರಲ್ಲಿ ಸುಪ್ರೀಂ ಕೋರ್ಟ್ ರೈತರಿಗೆಂದೇ ಪ್ರತ್ಯೇಕ ಪ್ರಮಾಣಪತ್ರದ ನಮೂನೆ ಕೊಟ್ಟಿತು. ಜಮೀನು ಎಷ್ಟು, ಒಣಬೇಸಾಯವೋ ನೀರಾವರಿಯೋ, ಬೆಳೆ ಯಾವುದು, ದನಕರು ಎಷ್ಟು ಎಂದು ಅದು ಕೇಳುತ್ತದೆ. ಇಂಡಿಯ ನಿಂಬೆ ತೋಟವನ್ನೂ ಅದರಲ್ಲಿ ಬರೆಯಲೇಬೇಕು.