ಜಿಲ್ಲೆಯ ಎಲ್ಲೆಗಳೂ ಶಾಸನಸಂಪುಟಗಳೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳೂ ಈಗ ದಾವಣಗೆರೆ ಜಿಲ್ಲೆಗೆ ಸೇರಿವೆ. ಆದರೆ ಎಪಿಗ್ರಾಫಿಯ ಕರ್ನಾಟಿಕದ ಮೂಲ ಸಂಪುಟಗಳ ಸಾಲಿನಲ್ಲಿ ಈ ಜಿಲ್ಲೆಯ ಹೆಸರನ್ನು ಅರಸುವವನು ಬರಿಗೈಯಲ್ಲಿ ಹಿಂದಿರುಗಬೇಕಾಗುವುದು. ಜಿಲ್ಲೆ ಹುಟ್ಟಿದುದು ೧೯೯೭ರಲ್ಲಿ; ಬಿ. ಎಲ್. ರೈಸ್ ಅವರು ಆ ಸಂಪುಟಗಳನ್ನು ಅಚ್ಚಿಗೆ ಕೊಟ್ಟುದು ಅದಕ್ಕೆ ತೊಂಬತ್ತು ವರ್ಷಗಳಿಗೂ ಹಿಂದೆ. ಚನ್ನಗಿರಿ ಹೊನ್ನಾಳಿಗಳ ಶಾಸನಗಳು ಶಿವಮೊಗ್ಗ ಜಿಲ್ಲೆಯ ಮೊದಲ ಭಾಗವಾದ ಏಳನೆಯ ಸಂಪುಟದಲ್ಲಿಯೂ (೧೯೦೨), ಜಗಳೂರಿನವು ‘ಚಿತಲ್‌ದ್ರೂಗ್’ ಎಂದು ಹೆಸರಾದ ಹನ್ನೊಂದನೆಯ ಸಂಪುಟದಲ್ಲಿಯೂ (೧೯೦೩) ಇವೆ.

ನ್ಯಾಮತಿಯ ಗತಿ ಇನ್ನೂ ತೊಡಕಿನದು. ಹೊನ್ನಾಳಿಯಿಂದ ಬೇರೆಯಾಗಿ ಅದು ತಾಲ್ಲೂಕಾಗುವುದೆಂದು ಘೋಷಣೆಯಾದುದೇ ೨೦೧೭ರಲ್ಲಿ. ಬೆಳಗುತ್ತಿಯ ಸಿಂದರ ವಿಷಯವನ್ನು ಬರೆಯಹೊರಟ ವಿದ್ಯಾರ್ಥಿಯು ಊರು ನ್ಯಾಮತಿ ತಾಲ್ಲೂಕಿನದೆಂದು ಬಲ್ಲನು. ಶಾಸನಗಳಾದರೋ ಹೊನ್ನಾಳಿಯ ಅಂಕಿಗಳ ಕೆಳಗೆ ಕುಳಿತಿವೆ. ಸಾಲದುದಕ್ಕೆ ಇತಿಹಾಸಗ್ರಂಥಗಳಲ್ಲಿ ಆ ಊರಿಗೆ ಬೆಳಗವರ್ತಿ ಎಂಬ ರೂಪವೂ ಉಂಟು. ಇಂಥ ಪ್ರಶ್ನೆ ಬಂದಾಗ ಗ್ರಂಥಪಾಲನಿಗೆ ಗ್ರಂಥದ ಹೆಸರು ತಿಳಿದಿದ್ದರೆ ಸಾಲದು, ನಾಡಿನ ಆಡಳಿತದ ಇತಿಹಾಸವೂ ತಿಳಿದಿರಬೇಕು. ಪುಸ್ತಕಗಳನ್ನು ವರ್ಗೀಕರಿಸುವ ವಿದ್ಯೆಯನ್ನು ನಾವು ಶ್ರದ್ಧೆಯಿಂದ ಕಲಿಸುತ್ತೇವೆ. ಒಂದು ಆಕರಗ್ರಂಥವು ಯಾವ ಕಾಲದ ಭೂಪಟವನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾಯಿತೆಂಬುದನ್ನು ಅಷ್ಟಾಗಿ ಕಲಿಸುತ್ತಿಲ್ಲವೆಂದೇ ನನ್ನ ಅಭಿಪ್ರಾಯ.

ಸಂಕೇತಾಕ್ಷರಗಳಲ್ಲಿಯೂ ಎಡವುವುದು ಸುಲಭ. ರೈಸರ ಕ್ರಮದಲ್ಲಿ ‘ಸಿ, ಐ’ ಎಂದರೆ ಚನ್ನಗಿರಿ. ‘ಸಿ, ಎನ್’ ಎಂದರೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ, ಅದು ಐದನೆಯ ಸಂಪುಟ. ಅಡಿಟಿಪ್ಪಣಿಯಲ್ಲಿ ಒಂದಕ್ಷರ ತಪ್ಪಿದರೆ ತುಂಗಭದ್ರೆಯ ಬಯಲಿನ ದಾನಪತ್ರವು ಶ್ರವಣಬೆಳಗೊಳದ ನೆರೆಗೆ ಹೋಗಿ ಬೀಳುವುದು! ಸಾಹಿತ್ಯದ ಉಪಾಧ್ಯಾಯರು ಇನ್ನೊಂದನ್ನೂ ಗಮನಿಸಬೇಕು: ಸಂಪುಟದಲ್ಲಿರುವ ಇಂಗ್ಲಿಷ್ ಅನುವಾದವನ್ನಷ್ಟೇ ಓದಿ ಬಿಡಲಾಗದು; ಕನ್ನಡ ಲಿಪಿಯ ಪಾಠವು ಬೇರೆ ಭಾಗದಲ್ಲಿದೆ, ಭಾಷೆಯ ವಿಚಾರಕ್ಕೆ ಅದೇ ಪ್ರಮಾಣ.

ಗ್ಯಾಸೆಟಿಯರುಗಳ ವಿಷಯವೂ ಹೀಗೆಯೇ. ಹಯವದನರಾಯರ ಮೈಸೂರು ಗ್ಯಾಸೆಟಿಯರಿನಲ್ಲಿ (೧೯೨೭–೩೦) ಸೂಳೆಕೆರೆಯನ್ನೂ ಸಂತೆಬೆನ್ನೂರನ್ನೂ ಶಿವಮೊಗ್ಗದ ಪ್ರಕರಣದಲ್ಲಿ ನೋಡತಕ್ಕದ್ದು. ೧೯೯೭ರಿಂದ ೨೦೧೮ರವರೆಗೆ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯ ಶಾಸನಗಳಿಗಾಗಿ ಮೈಸೂರಿನ ಸಂಪುಟಗಳನ್ನು ತೆರೆಯುವುದು ವ್ಯರ್ಥ. ಬಳ್ಳಾರಿ ಸೀಮೆ ೧೯೫೩ರ ತನಕ ಮದರಾಸಿಗೆ ಸೇರಿದ್ದುದರಿಂದ ಅವನ್ನು ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅರಸಬೇಕು. ನರಸಿಂಹಾಚಾರ್ಯರ ಕವಿಚರಿತೆಯು (೧೯೦೭, ೧೯೧೯, ೧೯೨೯) ಕವಿಗಳನ್ನು ಕಾಲಾನುಕ್ರಮದಲ್ಲಿ ಹೇಳತಕ್ಕದ್ದಾದ ಕಾರಣ ಅಲ್ಲಿ ಈ ತೊಡಕಿಲ್ಲ. ಆದರೆ ಒಂದು ಊರಿನ ಕವಿಗಳು ಯಾರೆಂದು ಕೇಳಿದರೆ ಅದು ಒಡನೆ ಉತ್ತರ ಕೊಡದು.

ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಪ್ರತಿಯೊಂದು ಗ್ರಂಥಭಂಡಾರವೂ ತನ್ನ ಸುತ್ತಿನ ಊರುಗಳ ಪಟ್ಟಿಯೊಂದನ್ನು ಬರೆದಿಡಬಹುದು: ಊರಿನ ಈಗಿನ ಹೆಸರು, ಶಾಸನದಲ್ಲಿರುವ ರೂಪ, ಹಳೆಯ ಜಿಲ್ಲೆ ತಾಲ್ಲೂಕುಗಳು, ಸಂಪುಟ, ಅಂಕಿ. ರೈಸರ ತರುವಾಯ ದೊರೆತ ಶಾಸನಗಳಿಗಾಗಿ ಮೈಸೂರು ಪ್ರಾಕ್ತನ ಇಲಾಖೆಯ ವಾರ್ಷಿಕ ವರದಿಗಳನ್ನೂ ಅದರಲ್ಲಿ ಕಾಣಿಸಬೇಕು. ಕೆಲಸವನ್ನು ಬೆಳಗುತ್ತಿಯಿಂದಲೇ ತೊಡಗಬಹುದು.