ತೆನಾಲಿ ರಾಮನ ಬೆಕ್ಕಿನ ಪರವಾಗಿ

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ಎಲ್ಲರಿಗೂ ಗೊತ್ತು. ಇಲಿ ಕಾಟ ಹೆಚ್ಚಾಯ್ತು ಅಂತ ಕೃಷ್ಣದೇವರಾಯ ಮನೆಗೊಂದು ಬೆಕ್ಕು ಕೊಟ್ಟು, ಅದರ ಹಾಲಿಗಾಗಿ ಒಂದು ಹಸುವನ್ನೂ ಕೊಡುತ್ತಾನೆ. ರಾಮಕೃಷ್ಣ ಮೊದಲ ದಿನವೇ ಕುದಿಯೋ ಹಾಲಿಟ್ಟು ಬೆಕ್ಕಿನ ಬಾಯಿ ಸುಡುತ್ತಾನೆ. ಆಮೇಲೆ ಹಾಲು ಕಂಡರೆ ಸಾಕು, ಬೆಕ್ಕು ಪರಾರಿ. ಚಿಕ್ಕಂದಿನಲ್ಲಿ ಓದಿ ನಕ್ಕಿದ್ದೆ. ಕಳೆದ ವರ್ಷ ನಮ್ಮನೆ ಚಿನ್ನಿಗೆ ಮೂರು ವಾರ ಭೇದಿ ಹಿಡಿದು, ಬೆನ್ನು ಸವರಿದರೆ ಮೂಳೆ ಕೈಗೆ ಸಿಗೋ ಹಾಗಾದಾಗ ಅನ್ನಿಸಿದ್ದೇ ಬೇರೆ. ಬಾಯಿ ಸುಟ್ಟಿದ್ದು ಅನ್ಯಾಯ, ನಿಜ. ಹಾಲು ತಪ್ಪಿದ್ದರಿಂದ ಆ ಬೆಕ್ಕಿಗೆ ನಷ್ಟವೇನೂ ಆಗಿರಲಿಕ್ಕಿಲ್ಲ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಏನು ಹಾಕ್ತೀರಿ?" ಬೆಳಿಗ್ಗೆ ಹಾಲು, ಮಧ್ಯಾಹ್ನ ಪ್ಯಾಕೆಟ್ಟಿನ ಒಣ ಫುಡ್, ರಾತ್ರಿ ಮೊಸರನ್ನ. ಭೇದಿ ಶುರುವಾದ ಮೇಲೆ ಗಾಬರಿಯಲ್ಲಿ ಎರಡು ದಿನಕ್ಕೊಂದು ಬ್ರಾಂಡ್. "ಮೊದಲು ಹಾಲು ನಿಲ್ಲಿಸಿ" ಅಂದರು. ಹಾಲಿನ ಸಕ್ಕರೆಯನ್ನ ಅರಗಿಸೋ ಲ್ಯಾಕ್ಟೇಸ್ ಅನ್ನೋ ಕಿಣ್ವ ಮರಿಗಳಲ್ಲಿ ಬೇಕಾದಷ್ಟಿರುತ್ತೆ. ತಾಯಿಯ ಮೊಲೆ ಬಿಟ್ಟ ಮೇಲೆ ಅದು ಕಡಿಮೆಯಾಗ್ತಾ ಹೋಗುತ್ತೆ. ಆಮೇಲೆ ಎಷ್ಟೋ ಬೆಕ್ಕುಗಳಿಗೆ ಹಾಲು ಅಂದ್ರೆ ಹೊಟ್ಟೆ ಕೆಟ್ಟ ಹಾಗೇ.

ಅಮ್ಮನಿಗೆ ಫೋನಲ್ಲಿ ಹೇಳಿದೆ. ಅವರು ಒಪ್ಪಲಿಲ್ಲ. "ಊರಲ್ಲಿ ಬೆಕ್ಕು ಹಾಲು ಕುಡ್ಕೊಂಡೇ ಬೆಳೀಲಿಲ್ವೇನೋ? ಅದಕ್ಕೇನಾಗಿತ್ತು?"

ಒಳ್ಳೆ ಪ್ರಶ್ನೆ. ಉತ್ತರ ಹುಡುಕ್ತಾ ಬೆಕ್ಕಿನ ಊಟದ ಚರಿತ್ರೆಗೇ ಇಳಿದೆ.

ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಳೆಯ ಒಂದು ಸಮಾಧಿ ಸಿಕ್ಕಿದೆ. ಮನುಷ್ಯನ ಪಕ್ಕದಲ್ಲೇ ಒಂದು ಬೆಕ್ಕನ್ನೂ ಹೂತಿದ್ದಾರೆ. ಆ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ, ಅಂದ್ರೆ ಯಾರೋ ದೋಣಿಯಲ್ಲಿ ಕರ್ಕೊಂಡು ಬಂದಿರಬೇಕು. ಪಶ್ಚಿಮ ಏಷ್ಯಾದಲ್ಲಿ ಬೇಸಾಯ ಶುರುವಾಗಿ, ಕಾಳು ಕೂಡಿಟ್ಟಲ್ಲಿಗೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು ಅನ್ನೋದು ವಿದ್ವಾಂಸರ ವಿವರಣೆ. ನಾವು ಅದಕ್ಕೆ ಊಟ ಹಾಕಿ ಸಾಕಿದ್ದಲ್ಲ. ಅದರ ಊಟ ನಮ್ಮ ಕಣಜದಲ್ಲಿತ್ತು, ಅಷ್ಟೇ.

ಈ ಲೆಕ್ಕಾಚಾರ ಬಹಳ ಕಾಲ ನಡೀತು. 1868ರಲ್ಲಿ ಲಂಡನ್ನಿನ ಅಂಚೆ ಇಲಾಖೆಯ ಮನಿಯಾರ್ಡರ್ ಕಚೇರಿ ಇಲಿ ಹಿಡಿಯೋಕೆ ಮೂರು ಬೆಕ್ಕುಗಳನ್ನ ನೇಮಿಸಿಕೊಂಡಿತು. ಮೂರಕ್ಕೂ ಸೇರಿ ವಾರಕ್ಕೆ ಒಂದು ಶಿಲಿಂಗ್ ಭತ್ಯೆ. ಆರು ತಿಂಗಳು ಪ್ರೊಬೇಷನ್! ಇಲಿ ಕಡಿಮೆಯಾಗದಿದ್ದರೆ ಭತ್ಯೆ ಕಟ್. ಮಿಕ್ಕ ಊಟವನ್ನ ಇಲಿ ಹಿಡಿದೇ ಸಂಪಾದಿಸಬೇಕು ಅನ್ನೋದು ಷರತ್ತು. ಅದೇ ಊರಲ್ಲಿ ಬೆಕ್ಕುಗಳಿಗಾಗಿ ಕುದುರೆ ಮಾಂಸವನ್ನ ಕಡ್ಡಿಗೆ ಚುಚ್ಚಿ ಬೀದಿ ಬೀದಿಯಲ್ಲಿ ಮಾರೋರೂ ಇದ್ದರು. ಅಂತೂ ಇಲಿಯೋ ಮಾಂಸವೋ, ಹೊಟ್ಟೆಗೆ ಬೇಕಾದ್ದೇ ಬೀಳ್ತಿತ್ತು.

ಬಾಗಿಲು ಮುಚ್ಚಿದ್ದು 20ನೇ ಶತಮಾನ. 1947ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಎಡ್ವರ್ಡ್ ಲೋ ಅನ್ನೋರು, ಬೆಕ್ಕಿನ ತಟ್ಟೆಗೆ ಮರಳು ಕೇಳಿಕೊಂಡು ಬಂದ ಪಕ್ಕದ ಮನೆಯವರಿಗೆ ತೇವ ಹೀರೋ ಜೇಡಿಯ ಪುಡಿ ಕೊಟ್ಟರು. ಅದೇ ಲಿಟರ್ ವ್ಯಾಪಾರವಾಯ್ತು. ಬೆಕ್ಕು ಹೊರಗೆ ಹೋಗೋ ಅಗತ್ಯವೇ ತಪ್ಪಿತು. ಎರಡನೇ ಮಹಾಯುದ್ಧದಲ್ಲಿ ತಗಡಿಗೆ ರೇಷನ್ ಬಂದು ಡಬ್ಬಿ ಆಹಾರ ಮೂಲೆಗೆ ಸರಿದಿತ್ತು, ಒಣ ಆಹಾರ ಅಂಗಡಿ ಹಿಡಿದಿತ್ತು. ಫ್ಲ್ಯಾಟಿನ ಬೆಕ್ಕು ಹುಟ್ಟಿದ್ದು ಹೀಗೆ: ಇಲಿಯಿಲ್ಲ, ಅಂಗಳವಿಲ್ಲ, ತಟ್ಟೆಗೆ ನಾವು ಹಾಕಿದ್ದಷ್ಟೇ.

ನಾವು ಹಾಕಿದ್ದರಲ್ಲಿ ಏನೋ ಕಡಿಮೆಯಿತ್ತು. 1975ರಲ್ಲಿ ವಿಜ್ಞಾನಿಗಳು ಒಂದು ಸಂಗತಿ ಪ್ರಕಟಿಸಿದರು. ಪ್ರೋಟೀನಿಗೆ ಬರೀ ಹಾಲಿನ ಕೇಸಿನ್ ತಿಂದ ಬೆಕ್ಕುಗಳ ಅಕ್ಷಿಪಟಲ ಹಾಳಾಗಿತ್ತು. ಕಾರಣ, ಟಾರೀನ್ ಕೊರತೆ. ಟಾರೀನ್ ಮಾಂಸ, ಮೀನುಗಳಲ್ಲಿರುತ್ತೆ, ಇಲಿಯಲ್ಲೂ ಇರುತ್ತೆ. ಅನ್ನ, ಬೇಳೆಯಲ್ಲಿ ಇಲ್ಲ. ಬೆಕ್ಕಿನ ದೇಹ ತನಗೆ ಸಾಕಾಗುವಷ್ಟು ಟಾರೀನ್ ತಾನೇ ಮಾಡಿಕೊಳ್ಳಲಾರದು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಿಯಾನ್ ಮತ್ತು ಸಂಗಡಿಗರು ಇನ್ನೊಂದನ್ನ ತೋರಿಸಿದರು: ಅಂಗಡಿಯ ಆಹಾರವನ್ನೇ ತಿಂದು ಬೆಳೆದ ಬೆಕ್ಕುಗಳಿಗೂ ಟಾರೀನ್ ಸಾಲದೆ ಹೃದಯ ಸೋಲ್ತಿತ್ತು. ಟಾರೀನ್ ಕೊಟ್ಟಾಗ ಎಷ್ಟೋ ಹೃದಯಗಳು ಚೇತರಿಸಿಕೊಂಡವು. ಕಂಪನಿಗಳು ಟಾರೀನ್ ಪ್ರಮಾಣ ಹೆಚ್ಚಿಸಿದವು, ಆ ಕಾಯಿಲೆಯೂ ಅಪರೂಪವಾಯ್ತು.

ಈಗ ಅಮ್ಮನ ಪ್ರಶ್ನೆಗೆ ಬರ್ತೀನಿ. ಊರಿನ ಬೆಕ್ಕು ಹಾಲು ಕುಡೀತಿತ್ತು, ಸರಿ. ಅದು ನಮ್ಮ ಕಣ್ಣಿಗೆ ಬೀಳ್ತಿದ್ದ ಊಟ. ಅಟ್ಟದ ಇಲಿ, ಹಿತ್ತಿಲ ಓತಿಕ್ಯಾತ ನಮ್ಮ ಲೆಕ್ಕಕ್ಕೇ ಬರ್ತಿರಲಿಲ್ಲ. ಹಾಲಿಂದ ಹೊಟ್ಟೆ ಕೆಟ್ಟಿದ್ದರೂ ತೋಟದ ಮಣ್ಣಲ್ಲಿ ಮುಚ್ಚಿ ಬರ್ತಿತ್ತು. ನೋಡಿದವರ್ಯಾರು? ಚಿನ್ನಿಯದು ಲಿಟರ್ ಬಾಕ್ಸ್, ದಿನಾ ತೆಗೆಯೋನು ನಾನು. ಅವಳ ಹೊಟ್ಟೆ ಸೂಕ್ಷ್ಮ ಅಂತ ಎಲ್ಲರಿಗೂ ಹೇಳ್ಕೊಂಡು ಓಡಾಡ್ತಿದ್ದೆ. ಅವಳದು ಬೆಕ್ಕಿನ ಹೊಟ್ಟೆ ಅಷ್ಟೇ. ನಮ್ಮನೆ ಅಡುಗೆಗೆ ಹೊಂದಿಕೊಳ್ಳಲಿ ಅಂತ ಕಾಯ್ತಾ ಇದ್ದಿದ್ದು ನಾನು.

ಡಾಕ್ಟರು ಹೇಳಿದ್ದು ಸಿಂಪಲ್. ನಾಲ್ಕು ದಿನ ಉಪ್ಪು, ಖಾರ, ಒಗ್ಗರಣೆ ಯಾವುದೂ ಇಲ್ಲದ ಬೇಯಿಸಿದ ಕೋಳಿ. ಈರುಳ್ಳಿ, ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ. ಬರೀ ಕೋಳಿಯಲ್ಲೇ ಕಾಲ ಹಾಕೋ ಹಾಗಿಲ್ಲ, ಅದು ಪೂರ್ತಿ ಆಹಾರವಲ್ಲ. ಆಮೇಲೆ ಒಂದೇ ಒಂದು ಫುಡ್, ಹತ್ತು ದಿನ ಸ್ವಲ್ಪ ಸ್ವಲ್ಪ ಬೆರೆಸ್ತಾ ಪೂರ್ತಿ ಅದಕ್ಕೆ ಬದಲಾಯಿಸೋದು.

ನಮ್ಮದು ಮೊಟ್ಟೆಯೂ ಸೇರದ ಮನೆ. ಆ ವಾರವೇ ಅಮ್ಮ ಬೆಂಗಳೂರಿಗೆ ಬರೋರಿದ್ದರು. ಬಾಲ್ಕನಿಯಲ್ಲಿ ಇಂಡಕ್ಷನ್ ಸ್ಟವ್, ಬೇರೆ ಪಾತ್ರೆ, ಬೇರೆ ಚಮಚ ಇಟ್ಟುಕೊಂಡೆ. ಅಮ್ಮ ಬಂದು ನೋಡಿದರು, ಮಾತಾಡಲಿಲ್ಲ. ಸಂಜೆ ಚಿನ್ನಿಯ ಬೆನ್ನು ಸವರಿ, "ಎಷ್ಟು ಸೊರಗಿದಾಳೆ ನೋಡು, ಸರಿಯಾಗಿ ಬೇಯಿಸಿ ಹಾಕು" ಅಂದು ಒಳಗೆ ಹೋದರು.

ಊರಿಗೆ ಹೋದ ಮೇಲೂ ದಿನಾ ಬೆಳಿಗ್ಗೆ ಫೋನ್. ನಾನು ತಿಂಡಿ ತಿಂದೆನಾ ಅಂತ ಕೇಳೋದು ಆಮೇಲೆ. ಮೊದಲ ಪ್ರಶ್ನೆ, "ಅವಳದ್ದು ಇವತ್ತು ಗಟ್ಟಿಯಾಯ್ತಾ?"

ಗಟ್ಟಿಯಾಗಿದೆ ಅಮ್ಮ.