ಸರ್ವರ್ ನಿರ್ವಹಣೆಯ ಕಲಿಕೆ

ಜಾಲದ ಮೂಲಕ ಹಲವರಿಗೆ ಏಕಕಾಲಕ್ಕೆ ಸೇವೆ ಒದಗಿಸುವ ಕಂಪ್ಯೂಟರುಗಳನ್ನು ಸುಸ್ಥಿತಿಯಲ್ಲಿಡುವ ದಿನನಿತ್ಯದ ಕೆಲಸಗಳಲ್ಲಿ ಪಳಗುವುದೇ ಸರ್ವರ್ ನಿರ್ವಹಣೆಯ ಕಲಿಕೆ. ಬಳಕೆದಾರರ ಖಾತೆ ತೆರೆಯುವುದು, ಕೆಲಸ ಬಿಟ್ಟವರ ಖಾತೆ ಮುಚ್ಚುವುದು, ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂದು ಗೊತ್ತುಮಾಡುವುದು, ತಂತ್ರಾಂಶ ಹಾಕಿ ಅಪ್‌ಡೇಟ್ ಮಾಡುವುದು, ಲಾಗ್ ಓದುವುದು, ಡಿಸ್ಕ್ ತುಂಬದಂತೆ ನೋಡಿಕೊಳ್ಳುವುದು, ಫೈರ್‌ವಾಲ್, ಬ್ಯಾಕಪ್ ಇವೆಲ್ಲ ಯಾವ ಪಠ್ಯಕ್ರಮ ತೆರೆದರೂ ಸಿಗುವ ಬಾಬತ್ತುಗಳು. ಒಂದೊಂದಕ್ಕೂ ಬೇಕಾದ ಕಮಾಂಡುಗಳು ಬೆರಳೆಣಿಕೆಯಷ್ಟು. ಶ್ರದ್ಧೆಯುಳ್ಳ ವಿದ್ಯಾರ್ಥಿಗೆ ಅವು ಕೆಲವೇ ವಾರಗಳಲ್ಲಿ ಬಾಯಿಗೆ ಬರುತ್ತವೆ. ಆದರೂ ಅಂಥವನ ಕೈಗೆ ನಡೆಯುತ್ತಿರುವ ಸರ್ವರನ್ನು ಒಪ್ಪಿಸಲು ಅನುಭವಿಗಳು ಹಿಂಜರಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಈ ಕೆಲಸಗಳಿಗೆಲ್ಲ ಎರಡು ಅರ್ಧಗಳಿವೆ: ಮಾಡುವುದು ಒಂದು, ಮಾಡಿದ್ದು ಕೆಟ್ಟಾಗ ಮೊದಲಿನ ಸ್ಥಿತಿಗೆ ತರುವುದು ಇನ್ನೊಂದು. ಬಹುತೇಕ ಬೋಧನೆ ಮೊದಲನೆಯದಕ್ಕೇ ಮುಗಿಯುತ್ತದೆ. ಕೆಲವು ದೊಡ್ಡ ಅವಘಡಗಳನ್ನು ನೋಡಿದರೆ ಕಸುಬಿನ ನಿಜವಾದ ಪರೀಕ್ಷೆ ಎರಡನೆಯದರಲ್ಲಿದೆ ಎಂಬುದು ಗೊತ್ತಾಗುತ್ತದೆ.

ಪ್ರೋಗ್ರಾಮರುಗಳು ತಮ್ಮ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್‌ನಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸಂಸ್ಥೆ ತಾನಾಗಿಯೇ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಪ್ರಕಟಿಸಿದ್ದರಿಂದ ಅದು ಪಠ್ಯವಾಗಿ ಉಳಿದಿದೆ. ಮುಖ್ಯ ಡೇಟಾಬೇಸಿನ ನಕಲು ಇಟ್ಟುಕೊಳ್ಳುವ ಎರಡನೇ ಸರ್ವರ್ ಹಿಂದೆ ಬಿದ್ದಿತ್ತು. ಅದನ್ನು ಖಾಲಿ ಮಾಡಿ ಮತ್ತೆ ಮೊದಲಿನಿಂದ ನಕಲು ಶುರುಮಾಡಲು ಹೊರಟ ಎಂಜಿನಿಯರ್, ಡೈರೆಕ್ಟರಿ ಅಳಿಸುವ ಕಮಾಂಡನ್ನು ಮುಖ್ಯ ಸರ್ವರಿನ ಮೇಲೆಯೇ ಕೊಟ್ಟುಬಿಟ್ಟರು. ಎರಡು ಯಂತ್ರಗಳ ಹೆಸರುಗಳ ನಡುವೆ ಇದ್ದ ವ್ಯತ್ಯಾಸ ಒಂದೇ ಅಂಕಿ. ಒಂದೆರಡು ಸೆಕೆಂಡಿನಲ್ಲಿ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಇಲ್ಲಿಯವರೆಗಿನದು ಯಾರಿಗೂ ಆಗಬಹುದಾದ ಕೈತಪ್ಪು. ಪಾಠ ಇರುವುದು ಅದರ ಮುಂದಿನ ಭಾಗದಲ್ಲಿ. ದಿನವೂ ಕ್ಲೌಡಿಗೆ ಹೋಗಬೇಕಿದ್ದ ಬ್ಯಾಕಪ್ಪಿನ ಜಾಗ ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ 9.6 ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ 9.2ರದು, ಒಂದಕ್ಕೊಂದು ಹೊಂದದೆ ಸಾಧನ ಪ್ರತಿಸಲವೂ ಸೋತು ನಿಲ್ಲುತ್ತಿತ್ತು. ಸೋತ ಸುದ್ದಿ ಹೊತ್ತ ಇಮೇಲುಗಳನ್ನು ಸರಿಯಾದ ಸಹಿ ಇಲ್ಲವೆಂದು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಉಳಿಸಿದ್ದು ಪರೀಕ್ಷೆಯ ಕೆಲಸಕ್ಕೆಂದು ಅದೇ ಎಂಜಿನಿಯರ್ ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ, ಡಿಸ್ಕಿನ ಆ ಕ್ಷಣದ ಚಿತ್ರಣವಾದ ಒಂದು ಸ್ನ್ಯಾಪ್‌ಶಾಟ್. ಅದನ್ನು ನಿಧಾನದ ಡಿಸ್ಕಿನಿಂದ ಮರಳಿ ನಕಲಿಸಲು ಸುಮಾರು 18 ಗಂಟೆ ಹಿಡಿಯಿತು. ಬ್ಯಾಕಪ್ ಕಮಾಂಡ್ ಅಲ್ಲಿ ಯಾರಿಗೂ ಗೊತ್ತಿರದ ವಿಷಯವಲ್ಲ. ತೆಗೆದ ಬ್ಯಾಕಪ್ಪನ್ನು ಇನ್ನೊಂದು ಯಂತ್ರಕ್ಕೆ ಇಳಿಸಿ ನೋಡುವ ರೂಢಿ ಮಾತ್ರ ಇರಲಿಲ್ಲ.

ಅದಾದ ನಾಲ್ಕೇ ವಾರಕ್ಕೆ, ಫೆಬ್ರವರಿ 28ರಂದು, ಅಮೆಜಾನಿನ ಎಸ್3 ಸಂಗ್ರಹಸೇವೆ ಉತ್ತರ ವರ್ಜೀನಿಯಾ ವಲಯದಲ್ಲಿ ನಾಲ್ಕು ಗಂಟೆಗೂ ಹೆಚ್ಚು ಕಾಲ ಅಸ್ತವ್ಯಸ್ತವಾಯಿತು. ಬರೆದಿಟ್ಟ ಕ್ರಮದಂತೆ ಕೆಲವೇ ಸರ್ವರುಗಳನ್ನು ತೆಗೆಯಲು ಹೋದ ಸಿಬ್ಬಂದಿ ಕಮಾಂಡಿನ ಒಂದು ಭಾಗ ತಪ್ಪಾಗಿ ಟೈಪಿಸಿದ್ದರಿಂದ ಬಹಳಷ್ಟು ಸರ್ವರುಗಳು ಹೋದವು, ಎರಡು ಮೂಲ ಉಪವ್ಯವಸ್ಥೆಗಳನ್ನು ಪೂರ್ತಿ ರೀಸ್ಟಾರ್ಟ್ ಮಾಡಬೇಕಾಯಿತು. ಅಷ್ಟು ತಡವಾದದ್ದೇಕೆ ಎಂಬುದಕ್ಕೆ ಅಮೆಜಾನ್ ಕೊಟ್ಟ ಕಾರಣ ಗಮನಾರ್ಹ: ದೊಡ್ಡ ವಲಯಗಳಲ್ಲಿ ಅವನ್ನು ಹಲವು ವರ್ಷಗಳಿಂದ ಪೂರ್ತಿಯಾಗಿ ರೀಸ್ಟಾರ್ಟ್ ಮಾಡಿಯೇ ಇರಲಿಲ್ಲ. ಸೇವೆಯ ಸ್ಥಿತಿಗತಿ ತೋರಿಸುವ ಫಲಕವೂ ಎಸ್3 ಮೇಲೆಯೇ ನಿಂತಿದ್ದರಿಂದ ಮೊದಲ ಕೆಲವು ಗಂಟೆ ಅದನ್ನು ಬದಲಿಸಲೂ ಆಗಲಿಲ್ಲ.

ಇವು ದೊಡ್ಡವರ ಕಷ್ಟ ಎನಿಸಬಹುದು. ಆದರೆ ಒಂದೇ ಲಿನಕ್ಸ್ ಯಂತ್ರ ನೋಡಿಕೊಳ್ಳುವವರಿಗೂ ಇದೇ ಸ್ವಭಾವದ ತೊಡಕುಗಳು ಎದುರಾಗುತ್ತವೆ. ಡಿಸ್ಕ್ ತುಂಬಿದೆ, ಹುಡುಕಿದರೆ 40 ಜಿಬಿಯ ಒಂದು ಲಾಗ್ ಕಡತ ಸಿಗುತ್ತದೆ, ಅಳಿಸುತ್ತಾರೆ. ಕಡತ ಹೋಯಿತು, ಆದರೆ ಡಿಸ್ಕ್ ಇನ್ನೂ ತುಂಬಿದೆ ಎಂದೇ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ಹೇಳುತ್ತದೆ. ಕಡತಗಳ ಗಾತ್ರ ಕೂಡಿಸುವ ಡಿಯು ಲೆಕ್ಕ ಹಾಕಿದರೆ ಅಷ್ಟು ಬಳಕೆಯೇ ಕಾಣುವುದಿಲ್ಲ. ಲಾಗ್ ಬರೆಯುತ್ತಿರುವ ಪ್ರೋಗ್ರಾಂ ಆ ಕಡತವನ್ನು ತೆರೆದೇ ಇಟ್ಟುಕೊಂಡಿರುವವರೆಗೆ ಹೆಸರು ಅಳಿದರೂ ಜಾಗ ಬಿಡುಗಡೆಯಾಗುವುದಿಲ್ಲ. ಆ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು. ಕೈಯಿಂದ ಓಡಿಸಿದಾಗ ಸರಿಯಿದ್ದ ಸ್ಕ್ರಿಪ್ಟ್ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ವಹಿಸಿದೊಡನೆ ಕೆಡುವುದೂ ಹೀಗೆಯೇ. ಲಾಗಿನ್ ಆದಾಗ ಸಿಗುವ ಪರಿಸರ ಕ್ರಾನ್‌ಗೆ ಸಿಗುವುದಿಲ್ಲ, ಕಮಾಂಡುಗಳನ್ನು ಅದು ಕೆಲವೇ ಡೈರೆಕ್ಟರಿಗಳಲ್ಲಿ ಹುಡುಕುತ್ತದೆ. ಗಡಿಯಾರದ್ದು ಇನ್ನೊಂದು ತರಲೆ: ಸರ್ವರುಗಳನ್ನು ಯುಟಿಸಿ ಸಮಯಕ್ಕೆ ಇಡುವುದು ವಾಡಿಕೆ, ಹಾಗಾಗಿ ನಡುರಾತ್ರಿ ಎರಡಕ್ಕೆ ಎಂದು ಬರೆದ ಭಾರಿ ಕೆಲಸ ಬೆಂಗಳೂರಿನಲ್ಲಿ ಬೆಳಗಿನ ಏಳೂವರೆಗೆ ಶುರುವಾಗುತ್ತದೆ. ವೆಬ್ ತಾಣಗಳಿಗೆ ಸುರಕ್ಷತಾ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಹೆಸರಾದದ್ದೇ 90 ದಿನಗಳ ಸರ್ಟಿಫಿಕೇಟುಗಳಿಂದ. ಅವುಗಳ ನವೀಕರಣ ತಾನಾಗಿ ನಡೆದರೂ ವೆಬ್ ಸರ್ವರಿಗೆ ರೀಲೋಡ್ ಹೇಳದಿದ್ದರೆ ಅದು ಹಳೆಯದನ್ನೇ ಕೊಡುತ್ತಿದ್ದು, ಒಂದು ದಿನ ಎಲ್ಲ ಬ್ರೌಸರುಗಳೂ ಎಚ್ಚರಿಕೆ ತೋರಿಸತೊಡಗುತ್ತವೆ. ಈ ಯಾವುದರಲ್ಲೂ ಕಮಾಂಡ್ ತಪ್ಪಿಲ್ಲ. ಫಲ ನಿಜವಾಗಿ ಬಂತೇ ಎಂದು ಇನ್ನೊಂದು ಕಡೆಯಿಂದ ನೋಡುವ ಅಭ್ಯಾಸದ ಕೊರತೆಯಷ್ಟೇ.

ಈ ಅಭ್ಯಾಸವನ್ನು ತರಗತಿಯಲ್ಲಿ ಕಲಿಸಲಾಗದು, ಅದು ವರ್ಷಗಟ್ಟಲೆ ಪೆಟ್ಟು ತಿಂದು ಬರಬೇಕು ಎಂಬ ವಾದವಿದೆ. ಲಿನಕ್ಸ್ ವ್ಯವಸ್ಥೆ ಮಾರುವ ರೆಡ್ ಹ್ಯಾಟ್ ಸಂಸ್ಥೆ ನಿರ್ವಾಹಕರಿಗೆ ನಡೆಸುವ ಪರೀಕ್ಷೆ ಅದಕ್ಕೆ ಒಳ್ಳೆಯ ಉತ್ತರ. ಅಭ್ಯರ್ಥಿಯನ್ನು ಯಂತ್ರದ ಮುಂದೆ ಕೂರಿಸಿ ಕೆಲಸ ಮಾಡಿಸುತ್ತಾರೆ. ಮಾಡಿದ್ದೆಲ್ಲ ಯಂತ್ರ ರೀಬೂಟ್ ಆದ ಮೇಲೂ ಉಳಿದಿರಬೇಕು ಎಂಬುದು ನಿಯಮ. ಬೂಟ್ ಆಗುವುದನ್ನು ನಡುವೆ ತಡೆದು ವ್ಯವಸ್ಥೆಯ ಒಳಹೊಗುವುದು, ಅಂದರೆ ರೂಟ್ ಪಾಸ್‌ವರ್ಡ್ ಗೊತ್ತಿಲ್ಲದಾಗ ದಾರಿ ಮಾಡಿಕೊಳ್ಳುವುದು, ಅದರ ಪಠ್ಯದಲ್ಲೇ ಇದೆ. ಇದಕ್ಕೂ ಹಿಂದೆ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಎವಿ ನೆಮೆತ್ ಕಂಪ್ಯೂಟರ್ ವಿಭಾಗದ ಯಂತ್ರಗಳ ನಡುವೆಯೇ ವಿದ್ಯಾರ್ಥಿಗಳನ್ನು ಈ ಕಸುಬಿಗೆ ಅಣಿಗೊಳಿಸಿದರು. 1989ರಲ್ಲಿ ಇಬ್ಬರು ಸಂಗಡಿಗರೊಂದಿಗೆ ಅವರು ಬರೆದ ಯುನಿಕ್ಸ್ ಕೈಪಿಡಿ ಒಂದಿಡೀ ಪೀಳಿಗೆಯ ಮೇಜಿನ ಮೇಲಿತ್ತು. ಅವರ ಕಾಲಕ್ಕೆ ಕೆಡಿಸಿ ಕಲಿಯಲು ಬೇರೆ ಯಂತ್ರ ದುಬಾರಿ. ಇಂದು ಸಾಧಾರಣ ಲ್ಯಾಪ್‌ಟಾಪಿನಲ್ಲೇ ಎರಡು ಮೂರು ವರ್ಚುವಲ್ ಯಂತ್ರಗಳು ಓಡುತ್ತವೆ, ಸ್ನ್ಯಾಪ್‌ಶಾಟ್ ತೆಗೆದಿಟ್ಟುಕೊಂಡರೆ ಎಷ್ಟು ಸಲ ಕೆಡಿಸಿದರೂ ಖರ್ಚಿಲ್ಲ. ಪಾಲಿಟೆಕ್ನಿಕ್ಕಿನ ಪ್ರಯೋಗಶಾಲೆಗೂ ಇದು ಎಟುಕುವ ಸೌಕರ್ಯ.

ಕ್ಲೌಡ್ ಬಂದಮೇಲೆ, ಎಲ್ಲವೂ ಸ್ವಯಂಚಾಲಿತವಾದ ಮೇಲೆ, ಈ ಕಲಿಕೆಯೇ ಯಾಕೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಕೈಕೆಲಸ ಕಡಿಮೆಯಾಗಿರುವುದು ನಿಜ. ನೂರು ಸರ್ವರುಗಳಿಗೆ ಆನ್ಸಿಬಲ್‌ನಂಥ ಸಾಧನ ಒಂದೇ ಸಲಕ್ಕೆ ಬದಲಾವಣೆ ಹಂಚುತ್ತದೆ. ತಪ್ಪನ್ನೂ ಅಷ್ಟೇ ಸಮನಾಗಿ ಹಂಚುತ್ತದೆ ಎಂಬುದನ್ನು ಮಾತ್ರ ಈ ವಾದ ಮರೆಯುತ್ತದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್‌ನಲ್ಲಿ ಒಂದು ನಿರ್ವಹಣಾ ಕಮಾಂಡ್ ದತ್ತಾಂಶ ಕೇಂದ್ರಗಳ ನಡುವಿನ ಸಂಪರ್ಕವನ್ನೆಲ್ಲ ಕಡಿದುಹಾಕಿತು. ಅಂಥದನ್ನು ತಡೆಯಬೇಕಿದ್ದ ತಪಾಸಣಾ ಸಾಧನದಲ್ಲೇ ದೋಷವಿತ್ತು. ದೂರದಿಂದ ಒಳಹೋಗುವ ದಾರಿಗಳೂ ಮುಚ್ಚಿದ್ದರಿಂದ ಎಂಜಿನಿಯರುಗಳನ್ನು ಕೇಂದ್ರಗಳಿಗೇ ಕಳಿಸಬೇಕಾಯಿತು. ಸಂಪರ್ಕ ಬಂದ ಮೇಲೆ ಸೇವೆಗಳನ್ನು ಹದವಾಗಿ ಎಬ್ಬಿಸಲು ನೆರವಾದದ್ದು ಕೇಂದ್ರವೊಂದು ಪೂರ್ತಿ ನಿಂತಂತೆ ನಟಿಸಿ ಹಿಂದಿನಿಂದ ನಡೆಸುತ್ತ ಬಂದಿದ್ದ ತಾಲೀಮುಗಳು ಎಂದು ಸಂಸ್ಥೆಯೇ ಬರೆಯಿತು; ಸಂಪರ್ಕಜಾಲವೇ ಬೀಳುವ ತಾಲೀಮು ಮಾತ್ರ ನಡೆದಿರಲಿಲ್ಲ ಎಂದೂ ಸೇರಿಸಿತು.

ಹಾಗೆಂದು ಹೊಸಬರಿಗೆ ಮೊದಲ ದಿನವೇ ಯಂತ್ರ ಕೆಡಿಸಲು ಹೇಳುವುದು ಸರಿಯಲ್ಲ. ಕಮಾಂಡುಗಳು, ಕಡತವ್ಯವಸ್ಥೆ, ಹಕ್ಕುಗಳು ತಿಳಿಯದವರಿಗೆ ಕೆಟ್ಟದ್ದೇನು ಎಂದೇ ಗೊತ್ತಾಗದು. ಪರ್ಮಿಷನ್ ತಕರಾರು ಬಂದೊಡನೆ 777 ಕೊಟ್ಟು ಎಲ್ಲರಿಗೂ ಎಲ್ಲ ಹಕ್ಕು ತೆರೆದಿಟ್ಟು, ತೊಂದರೆ ಬಗೆಹರಿಯಿತೆಂದುಕೊಳ್ಳುವವರು ಈ ಹಂತದವರೇ. ಬುನಾದಿ ಬೇಕು. ಆದರೆ ಪ್ರತಿ ಪಾಠಕ್ಕೂ ಅದರ ವಾಪಸಾತಿಯನ್ನು ಅಲ್ಲೇ ಜೋಡಿಸಬೇಕು. ಫೈರ್‌ವಾಲ್ ಪಾಠವನ್ನೇ ನೋಡಬಹುದು. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರಿನಲ್ಲಿ ಕೂತು ಆ ಸಂಪರ್ಕ ಬಳಸುವ 22ನೇ ಪೋರ್ಟಿಗೆ ಅನುಮತಿ ಬರೆಯದೆ ಫೈರ್‌ವಾಲ್ ಚಾಲೂ ಮಾಡಿದರೆ ಹೊರಗೆ ಬಿದ್ದಂತೆಯೇ. ಜ್ಯುನಿಪರ್ ರೌಟರುಗಳಲ್ಲಿ ಇದಕ್ಕೆಂದೇ ಒಂದು ಏರ್ಪಾಡಿದೆ: ಬದಲಾವಣೆಯನ್ನು ಷರತ್ತಿನ ಮೇಲೆ ಜಾರಿ ಮಾಡಬಹುದು, ಹತ್ತು ನಿಮಿಷದೊಳಗೆ ಮತ್ತೊಮ್ಮೆ ಖಚಿತಪಡಿಸದಿದ್ದರೆ ಹಳೆಯ ಸಂರಚನೆ ತಾನಾಗಿ ಮರಳುತ್ತದೆ. ಲಿನಕ್ಸ್‌ನಲ್ಲಿ ಇದನ್ನೇ ಕೈಯಾರೆ ಕಟ್ಟಿಕೊಳ್ಳಬಹುದು. ಹತ್ತು ನಿಮಿಷದ ನಂತರ ಫೈರ್‌ವಾಲ್ ನಿಲ್ಲಿಸುವ ಕೆಲಸವೊಂದನ್ನು ಆಟ್ ಕಮಾಂಡಿನಿಂದ ಸರದಿಗೆ ಹಾಕಿ, ಆಮೇಲೆ ನಿಯಮಗಳನ್ನು ಮುಟ್ಟುವುದು. ಹೊಸ ಕಿಟಕಿಯಿಂದ ಮತ್ತೊಮ್ಮೆ ಲಾಗಿನ್ ಆಗಿ ನೋಡಿ, ಸರಿಯಿದ್ದರೆ ಮಾತ್ರ ಆ ಕೆಲಸವನ್ನು ಸರದಿಯಿಂದ ತೆಗೆಯುವುದು.